ಏಳು, ಎಂಟು

"ಹಿಂಭಾಗ ಜಾರ್ತಿದೆ," ಎಂದು ಡ್ರೈವರ್ ಹೇಳಿದ್ದು ಅವತ್ತು ಒಂಬತ್ತನೇ ಸಲ.

ಜಾರಲು ಅಲ್ಲಿ ಹಿಂಭಾಗವೇ ಇರಲಿಲ್ಲ. ಇದ್ದದ್ದು ಒಂದು ಸೀಟು, ಸ್ಟಿಯರಿಂಗು, ಎರಡು ಪೆಡಲು, ಸೀಟನ್ನು ಕುಲುಕಾಡಿಸುವ ಮೋಟರುಗಳು, ಸುತ್ತ ಬಾಗಿದ ಪರದೆ. ಪರದೆಯ ಮೇಲೆ ರೇಸಿನ ರಸ್ತೆ. ಅಭ್ಯಾಸಕ್ಕೆಂದು ಮಾಡಿದ ನಕಲಿ ಕಾರು, ಸಿಮ್ಯುಲೇಟರ್. ಗಾಜಿನ ಈಚೆ ಕೂತ ಎಂಜಿನಿಯರ್ ಆ ಇಲ್ಲದ ಹಿಂಭಾಗವನ್ನು ಹನ್ನೊಂದು ವರ್ಷಗಳಿಂದ ಆರೈಕೆ ಮಾಡುತ್ತಿದ್ದಳು.

"ಹೇಗೆ ಜಾರುತ್ತೆ?" ಮೈಕಿನಲ್ಲಿ ಕೇಳಿದಳು.

"ಸೋಪಿನ ಮೇಲೆ ಕಾಲಿಟ್ಟ ಹಾಗೆ, ಮೇಡಂ."

"ಹಿಂದಿನ ರೆಕ್ಕೆ ಒಂದು ಡಿಗ್ರಿ ಎತ್ತುತೀನಿ. ಗಾಳಿ ಒತ್ತಿ ಹಿಡ್ಕೊಳ್ಳುತ್ತೆ."

ಕಂಪ್ಯೂಟರಿನಲ್ಲಿ ಏಳು ಇದ್ದದ್ದನ್ನು ಎಂಟು ಮಾಡಿದಳು. ಅಷ್ಟರಲ್ಲಿ ಗಂಡನ ಫೋನು.

"ಮಂಚ ಆ ಗೋಡೆಗೆ ತಿರುಗಿಸಿದ್ದು ಒಳ್ಳೇದಾಯ್ತು ಕಣೇ. ಈಗ ನಾವು ಜಗಳಾನೇ ಆಡಲ್ಲ, ನೋಡಿದೀಯಾ?"

"ಹೂಂ."

"ಹೂಂ ಅಂದ್ರೆ?"

"ಹೂಂ ಅಂದ್ರೆ ಹೂಂ. ಕೆಲಸ ಇದೆ, ಇಡ್ಲಾ?"

ಜಗಳ ನಿಂತದ್ದು ಮಂಚದಿಂದಲೋ, ಮಾತೇ ನಿಂತದ್ದರಿಂದಲೋ. ಅವಳು ಯೋಚಿಸಲು ಹೋಗಲಿಲ್ಲ.

ತಂಡಕ್ಕೆ ಇದ್ದದ್ದು ಒಂದು ಕಾರು, ಇಬ್ಬರು ಡ್ರೈವರುಗಳು. ಭಾನುವಾರದ ರೇಸಿಗೆ ಯಾರು ಎಂಬುದನ್ನು ಇವತ್ತು ಸಂಜೆ ಆರಕ್ಕೆ ಮ್ಯಾನೇಜರ್ ಹೇಳಬೇಕು. ಒಳಗೆ ಕೂತ ಇವನಿಗೆ ಮೂವತ್ತೆಂಟು, ಈ ಸಲ ಬಿಟ್ಟರೆ ಮತ್ತೆ ಯಾರೂ ಕರೆಯುವುದಿಲ್ಲ. ಅದು ಅವನಿಗೂ ಗೊತ್ತು.

"ಆಗ್ಲಿಲ್ಲ ಅಂದ್ರೆ ಸ್ಕೂಲ್ ವ್ಯಾನ್ ಓಡಿಸ್ತೀನಿ ಬಿಡಿ ಮೇಡಂ. ಅದರ ಹಿಂಭಾಗ ಜಾರಲ್ಲ, ಬರೀ ಕಿರುಚುತ್ತೆ."

ಒಂದು ಸುತ್ತು ಹೋಗಿ ಬಂದ. ಸೆಕೆಂಡಿನ ಹತ್ತರಲ್ಲಿ ಮೂರು ಪಾಲು ಬೇಗ.

"ನೋಡಿದ್ರಾ! ರೆಕ್ಕೆ ಎತ್ತಿದ್ದು ಬೆನ್ನಿಗೇ ಗೊತ್ತಾಯ್ತು. ಅಂಟ್ಕೊಂಡು ಕೂತಿದೆ."

ಬರೆದುಕೊಳ್ಳಲು ಹೋದವಳು ಪೆನ್ನು ಬಿಟ್ಟು ಮತ್ತೆ ಕಂಪ್ಯೂಟರ್ ನೋಡಿದಳು. ಅಂಕಿ ಬದಲಿಸಿದ್ದಳು, ಸರಿ. ಅದನ್ನು ಕಾರಿಗೆ ಕಳಿಸುವ ಗುಂಡಿಯನ್ನು ಫೋನಿನ ಗಡಿಬಿಡಿಯಲ್ಲಿ ಒತ್ತಿರಲೇ ಇಲ್ಲ. ಅವನು ಓಡಿಸಿದ್ದು ಹಳೆಯ ಏಳನ್ನೇ.

ಈಗ ಒತ್ತಿದಳು. "ಇನ್ನೊಂದು ಸುತ್ತು?"

ಅರ್ಧ ಸೆಕೆಂಡು ತಡ.

"ಏನ್ ಮಾಡಿದ್ರಿ? ಮತ್ತೆ ಇಳಿಸಿಬಿಟ್ರಾ?"

"ಇಲ್ವಲ್ಲ."

"ಸುಮ್ನಿರಿ ಮೇಡಂ, ನಂಗೆ ಗೊತ್ತಾಗಲ್ವಾ? ಎಂಟೇ ಇರಲಿ."

ಅವಳು ಏಳು ಹಾಕಿದಳು. "ಎಂಟು," ಎಂದಳು.

ಮತ್ತೆ ಬೇಗ. "ಇದು! ಇದು ಎಂಟು!" ಒಳಗೆ ಮಗುವಿನಂತೆ ಸ್ಟಿಯರಿಂಗ್ ಗುದ್ದಿದ.

ಅವನ ಬೆನ್ನಿಗೆ ತಿಳಿದದ್ದು ಏನು? ಬೆನ್ನೇ ಸುಳ್ಳಾದರೆ ಗಡಿಯಾರದ ಮುಳ್ಳು ಯಾಕೆ ಸಾಕ್ಷಿ ಹೇಳುತ್ತಿತ್ತು? ಹನ್ನೊಂದು ವರ್ಷಗಳಲ್ಲಿ ಎಷ್ಟು ಸಲ ಗುಂಡಿ ಒತ್ತಿದ್ದೆ, ಎಷ್ಟು ಸಲ ಮರೆತಿದ್ದೆ? ಎಣಿಸಲು ಕೂತವಳಿಗೆ ಒಂದೂ ನೆನಪಾಗಲಿಲ್ಲ.

ಆರಕ್ಕೆ ಐದು ನಿಮಿಷ ಇರುವಾಗ ಮ್ಯಾನೇಜರ್ ಬಾಗಿಲಲ್ಲಿ ತಲೆ ಹಾಕಿದ.

"ಇವನದೇ ಟೈಮ್ ಚೆನ್ನಾಗಿದೆ. ಇವನೇ ಹೋಗ್ಲಿ. ಸೆಟಪ್ ಫೈಲ್ ಕಳಿಸಮ್ಮ, ಅಂಕಿಗಳನ್ನ ಕಾರಿಗೆ ಹಾಕೋಕೆ ಮೆಕ್ಯಾನಿಕ್‌ಗಳು ಕಾಯ್ತಿದಾರೆ."

"ಒಂದು ನಿಮಿಷ ಸರ್..."

"ಏನಾದ್ರೂ ತೊಂದರೆನಾ?"

"ತೊಂದರೆ ಅಂತಲ್ಲ."

"ಹಾಗಾದ್ರೆ ಕಳಿಸು." ತಲೆ ಮಾಯವಾಯಿತು.

ನಿಜವಾದ ಕಾರು ಹತ್ತುವ ಮುಂಚೆ ಹಿಂದೆ ಹೋಗಿ ರೆಕ್ಕೆಯ ಅಂಕಿಯನ್ನು ಕಣ್ಣಾರೆ ನೋಡುವುದು ಡ್ರೈವರನ ಅಭ್ಯಾಸ. ಏಳು ಕಳಿಸಿದರೆ ಅವನು ನಂಬುವುದಿಲ್ಲ. ಎಂಟು ಕಳಿಸಿದರೆ ಕಾರು ಒಪ್ಪುವುದಿಲ್ಲ. ಅಲ್ಲಿಯ ರಸ್ತೆಯಂಚಿನ ಗೋಡೆಗಳು ಚಿತ್ರದವಲ್ಲ. ನಿಜ ಹೇಳಿದರೆ? ಆಗ ಏಳೂ ಇಲ್ಲ, ಎಂಟೂ ಇಲ್ಲ, ಅವನೂ ಇಲ್ಲ.

ಎದ್ದು ಒಳಕೋಣೆಗೆ ಹೋದಳು. ಪರದೆ ಆರಿತ್ತು, ಮೋಟರುಗಳು ನಿಂತಿದ್ದವು. ಅವನಿನ್ನೂ ಸೀಟಿನಲ್ಲೇ ಇದ್ದ, ಕಣ್ಣು ಮುಚ್ಚಿಕೊಂಡು, ಎರಡೂ ಕೈ ಸ್ಟಿಯರಿಂಗ್ ಮೇಲೆ. ಅಲುಗದ ಸೀಟಿನಲ್ಲಿ ಮೈ ಬಲಕ್ಕೆ ವಾಲಿತು, ನೆಟ್ಟಗಾಯಿತು. ಭಾನುವಾರದ ರಸ್ತೆಯನ್ನು ಮನಸ್ಸಿನಲ್ಲೇ ಓಡಿಸುತ್ತಿದ್ದ.

"ಒಂದು ವಿಷಯ ಹೇಳ್ಬೇಕಿತ್ತು," ಎಂದಳು.

"ಶ್! ತಿರುವಿನಲ್ಲಿದೀನಿ."

ಅವನು ಎಡಕ್ಕೆ ವಾಲಿದ, ಹಲ್ಲು ಕಚ್ಚಿಕೊಂಡು, ಕುತ್ತಿಗೆಯ ನರ ಉಬ್ಬಿಸಿಕೊಂಡು. ಅವಳು ಕಾದಳು. ಹೆಗಲಿಗೆ ಏನೋ ತಣ್ಣಗೆ ತಾಗಿತು: ಗೋಡೆ. ತಾನೂ ಎಡಕ್ಕೆ ವಾಲಿದ್ದಳು, ಬೀಳದಿರಲು ಕಾಲು ಅಗಲಿಸಿಕೊಂಡು. ನೆಟ್ಟಗಾಗೋಣವೆಂದು ಅವನತ್ತ ನೋಡಿದಳು. ಅವನ ತಿರುವು ಇನ್ನೂ ಮುಗಿದಿರಲಿಲ್ಲ.