ಬೆಟ್ಟಮ್ಮನ ಎರಡು ಸಾಲು

ಜವರಯ್ಯನ ಮನೆತನದಲ್ಲಿ ಅವನಿಗಿಂತ ಮುಂಚೆ ಹೆಬ್ಬೆಟ್ಟು ಒತ್ತದೆ ಸಹಿ ಹಾಕಿದವರೇ ಇರಲಿಲ್ಲ. ಅಂಥ ಮನೆಯ ಹುಡುಗ ಮೈಸೂರಿನಲ್ಲಿ ಕೂತು ಸಂಖ್ಯಾಶಾಸ್ತ್ರ ಓದಿ ಬಿ.ಎಸ್ಸಿ. ಮಾಡಿಕೊಂಡು ಬಂದರೆ ತಲೆ ಸ್ವಲ್ಪ ತಿರುಗದೆ ಇರುತ್ತದೆಯೇ? ತಿರುಗಿತ್ತು. ೧೯೬೧ರಲ್ಲಿ ಹಾನುಬಾಳಿನಿಂದ ಮೂರು ಮೈಲಿ ಒಳಗಿನ ಕಲ್ಲುಹೊಳೆ ಎಸ್ಟೇಟಿಗೆ ರೈಟರ್ ಆಗಿ ಸೇರಿದ ದಿನವೇ, ಹಾಜರಿ ಬರೆಯುವುದು ತನ್ನ ಯೋಗ್ಯತೆಗೆ ತಕ್ಕ ಕೆಲಸವಲ್ಲ ಎಂದು ಅವನು ತೀರ್ಮಾನ ಮಾಡಿಬಿಟ್ಟಿದ್ದ.

ಎಸ್ಟೇಟಿನ ಧಣಿಗೆ ಆಗ ಒಂದು ಗುಂಗು ಹಿಡಿದಿತ್ತು. ಮೂಟೆಗಟ್ಟಲೆ ಸೀಮೆಗೊಬ್ಬರ ತಂದು ಸುರಿಯುತ್ತಿದ್ದೇವೆ, ಗಿಡಕ್ಕೆ ಅದು ಹತ್ತುತ್ತದೋ ಇಲ್ಲವೋ? ಜವರಯ್ಯ ಅದನ್ನೇ ಕಾಯುತ್ತಿದ್ದವನ ಹಾಗೆ ಮುಂದೆ ಬಂದ. ಗೊಬ್ಬರ ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳುವುದು ಅರ್ಧ ಪ್ರಶ್ನೆ, ಎಂಥ ನೆರಳಿನಲ್ಲಿ ಒಳ್ಳೆಯದು ಎಂದು ಕೇಳಬೇಕು ಎಂದ. ಧಣಿಗೆ ಅದು ಪೂರ್ತಿ ಅರ್ಥವಾಗಲಿಲ್ಲ, ಆದರೆ ಹುಡುಗ ಓದಿದವನು ಎಂಬ ಭರವಸೆ ಇತ್ತು. ಒಂದು ಇಳಿಜಾರನ್ನು ಅವನಿಗೆ ಬಿಟ್ಟುಕೊಟ್ಟ.

ಅಲ್ಲಿ ಜವರಯ್ಯ ನಾಲ್ಕು ಸಾಲು ಹಾಕಿದ. ಒಂದೊಂದು ಸಾಲಿಗೆ ನಾಲ್ಕು ತಾಕು, ಒಂದೊಂದು ತಾಕಿಗೆ ಮೂವತ್ತು ಕಾಫಿ ಗಿಡ. ಮೊದಲ ತಾಕಿನಲ್ಲಿ ಮರಗಸಿ ಮಾಡಿ, ಅಂದರೆ ಮರಗಳ ಕೊಂಬೆ ಸವರಿ, ನೆರಳು ತೆಳುಮಾಡಿ ಗೊಬ್ಬರವನ್ನೂ ಕೊಡುವುದು. ಎರಡನೆಯದರಲ್ಲಿ ಮರಗಸಿ ಮಾತ್ರ, ಗೊಬ್ಬರವಿಲ್ಲ. ಮೂರನೆಯದರಲ್ಲಿ ದಟ್ಟ ನೆರಳನ್ನು ಹಾಗೇ ಬಿಟ್ಟು ಗೊಬ್ಬರ ಮಾತ್ರ. ನಾಲ್ಕನೆಯದಕ್ಕೆ ಎರಡೂ ಇಲ್ಲ. ಕೊಯ್ಲಾದ ಮೇಲೆ ತೆಳು ನೆರಳಿನಲ್ಲಿ ಗೊಬ್ಬರದಿಂದ ಎಷ್ಟು ಹೆಚ್ಚಿತು ಎಂದು ಕಳೆದು ನೋಡುವುದು, ದಟ್ಟ ನೆರಳಿನಲ್ಲಿ ಎಷ್ಟು ಹೆಚ್ಚಿತು ಎಂದು ಕಳೆದು ನೋಡುವುದು, ಆಮೇಲೆ ಆ ಎರಡನ್ನೂ ಒಂದರಿಂದ ಒಂದು ಕಳೆಯುವುದು. ವ್ಯತ್ಯಾಸಗಳ ವ್ಯತ್ಯಾಸ. ಅದು ಸೊನ್ನೆಯಾದರೆ ನೆರಳಿನ ಪಾಡಿಗೆ ನೆರಳು, ಗೊಬ್ಬರದ ಪಾಡಿಗೆ ಗೊಬ್ಬರ. ದೊಡ್ಡದಾದರೆ ಎರಡೂ ಕೈಜೋಡಿಸಿವೆ ಎಂದರ್ಥ.

ಕಾಫಿ ಸಂಶೋಧನೆಯ ದೊಡ್ಡ ಅಧಿಕಾರಿ ಗಯಾಜ್ ಸಾಹೇಬರು ಒಮ್ಮೆ ಎಸ್ಟೇಟಿಗೆ ಬಂದವರು ಈ ಸಾಲುಗಳನ್ನು ನೋಡಿ ಮೆಚ್ಚಿದ್ದರು. "ಇದನ್ನು ಚೊಕ್ಕಟವಾಗಿ ತೋರಿಸಿ, ನನ್ನ ಕೈಕೆಳಗೆ ಒಂದು ಅಸಿಸ್ಟೆಂಟ್ ಜಾಗ ಖಾಲಿ ಇದೆ," ಎಂದು ಹೇಳಿಹೋಗಿದ್ದರು. ಅವತ್ತಿನಿಂದ ಜವರಯ್ಯನಿಗೆ ಊಟ ತಿಂಡಿಯ ಮೇಲೂ ಗಮನವಿರಲಿಲ್ಲ.

ನೋಡಿಕೊಳ್ಳಲು ಮೇಲಿನ ಎರಡು ಸಾಲು ಕೂಲಿ ಬೆಟ್ಟಮ್ಮನ ಪಾಲಿಗೆ ಬಂದವು, ಕೆಳಗಿನ ಎರಡು ಕೆಂಚಯ್ಯನ ಪಾಲಿಗೆ. ಕೆಂಚಯ್ಯ ಹೇಳಿದಷ್ಟು ಮಾಡುವ ಮನುಷ್ಯ, ಹೇಳದ್ದರ ಕಡೆ ತಿರುಗಿ ಸಹ ನೋಡುವವನಲ್ಲ. ಬೆಟ್ಟಮ್ಮ ಐವತ್ತು ದಾಟಿದ ಗಂಡ ಸತ್ತ ಹೆಂಗಸು. ಮದುವೆಯಾಗಿ ಎಸ್ಟೇಟಿನ ಈ ಕೂಲಿ ಲೈನಿಗೆ ಬಂದು ಮೂವತ್ತು ವರ್ಷವಾಗಿತ್ತು. ಲೈನಿನ ಕೊನೆಯ ಕೋಣೆ, ಹಿಂದೆ ಕಟ್ಟಿದ ಒಂದು ಹಸು, ಇಷ್ಟೇ ಅವಳ ಸಂಸಾರ.

ಮೇ ತಿಂಗಳಲ್ಲಿ ಮೊದಲ ಸಲ ಗೊಬ್ಬರ ಹಾಕಿಸುವಾಗ ಅವಳು ಬಿದಿರ ಮಂಕರಿ ಹಿಡಿದು ನಿಂತುಬಿಟ್ಟಳು.

"ರೈಟ್ರೇ, ಈ ಎರಡು ತಾಕು ಮರ್ತೋಗೈತೆ."

"ಮರ್ತಿಲ್ಲ. ಅವು ಉಪವಾಸ ಇರಬೇಕು. ಅವು ಉಪವಾಸ ಇದ್ರೇನೇ ಲೆಕ್ಕ ಬರೋದು."

"ಸಾಲಾಗಿ ಕೂರಿಸಿ, ನಾಕೆಲೆ ಹಾಕಿ, ಎರಡೆಲೆಗೆ ಬಡ್ಸಿ ಎರಡೆಲೆ ದಾಟ್ಕೊಂಡು ಹೋಗಾದಾ? ಪಂಕ್ತೀಲಿ ಭೇದ ಮಾಡಿದ್ರೆ ಒಳ್ಳೇದಾಗಾಕಿಲ್ಲ ಕಣ್ರೀ."

ಜವರಯ್ಯ ಬಿದ್ದು ಬಿದ್ದು ನಕ್ಕ. ಗಿಡಕ್ಕೂ ಪಂಕ್ತಿಭೋಜನವಂತೆ ಎಂದು ಸಂಜೆ ಧಣಿಗೂ ಹೇಳಿ ನಗಿಸಿದ. ಅವಳು ಎದುರಾಡಲಿಲ್ಲ, ಹೇಳಿದ ತಾಕಿಗಷ್ಟೇ ಸೀಮೆಗೊಬ್ಬರ ಹಾಕಿ ಹೋದಳು. ಅಲ್ಲಿಗೆ ಮುಗಿಯಿತು ಎಂದುಕೊಂಡ ಅವನು.

ಮುಂದಿನ ವರ್ಷ ಡಿಸೆಂಬರಿನಲ್ಲಿ ಕೊಯ್ಲಾಯಿತು. ತಾಕು ತಾಕಿನ ಹಣ್ಣನ್ನು ಬೇರೆ ಬೇರೆ ತೂಗಿಸಿ ಜವರಯ್ಯ ಆಫೀಸಿನಲ್ಲಿ ಬಾಗಿಲು ಹಾಕಿಕೊಂಡು ಕೂತ. ಕೆಂಚಯ್ಯನ ಸಾಲುಗಳನ್ನು ನೋಡಿದಾಗ ಕುಣಿಯುವ ಹಾಗಾಯಿತು. ತೆಳು ನೆರಳಿನಲ್ಲಿ ಗೊಬ್ಬರ ಉಂಡ ತಾಕಿಗೆ ಸರಾಸರಿ ತೊಂಬತ್ತು ಸೇರು, ಉಣ್ಣದ್ದಕ್ಕೆ ಐವತ್ತು. ದಟ್ಟ ನೆರಳಿನಲ್ಲಿ ಉಂಡದ್ದಕ್ಕೆ ಐವತ್ತೆರಡು, ಉಣ್ಣದ್ದಕ್ಕೆ ನಲವತ್ತಾರು. ಒಂದು ಕಡೆ ನಲವತ್ತರ ಹೆಚ್ಚಳ, ಇನ್ನೊಂದು ಕಡೆ ಆರರದು. ವ್ಯತ್ಯಾಸಗಳ ವ್ಯತ್ಯಾಸ ಮೂವತ್ತನಾಲ್ಕು! ಗೊಬ್ಬರ ಕೆಲಸ ಮಾಡುವುದು ಬಿಸಿಲು ಬಿದ್ದ ಕಡೆ ಮಾತ್ರ. ಅಸಿಸ್ಟೆಂಟ್ ಕೆಲಸ ಕೈಗೆ ಬಂದೇಬಿಟ್ಟಿತು.

ಆಮೇಲೆ ಬೆಟ್ಟಮ್ಮನ ಸಾಲುಗಳ ಹಾಳೆ ತಿರುವಿದ. ತೆಳು ನೆರಳಿನಲ್ಲಿ ಗೊಬ್ಬರ ಉಂಡದ್ದಕ್ಕೆ ತೊಂಬತ್ತೊಂದು, ಉಣ್ಣದ್ದಕ್ಕೆ ತೊಂಬತ್ತೈದು. ದಟ್ಟ ನೆರಳಿನಲ್ಲಿ ಐವತ್ತಮೂರು, ಐವತ್ತೆರಡು. ಅಲ್ಲಿ ಏನೂ ಇರಲಿಲ್ಲ. ನಾಲ್ಕು ಸಾಲನ್ನೂ ಒಟ್ಟುಗೂಡಿಸಿದರೆ ಮೂವತ್ತನಾಲ್ಕು ಕರಗಿ ಅರ್ಧವೂ ಉಳಿಯುತ್ತಿರಲಿಲ್ಲ. ಗಯಾಜ್ ಸಾಹೇಬರು ಇದನ್ನು ನೋಡಿದರೆ ಮುಖ ಸಿಂಡರಿಸಿ ಎದ್ದುಹೋಗುತ್ತಾರೆ.

ಎರಡು ದಿನ ತಲೆ ಕೆಡಿಸಿಕೊಂಡು ಮೂರನೆಯ ದಿನ ಅವನಿಗೆ ಹೊಳೆಯಿತು. ನೆರಳು, ಗೊಬ್ಬರ ಎರಡೇ ಅಲ್ಲ, ನೋಡಿಕೊಳ್ಳುವ ಕೈ ಮೂರನೆಯದು! ಕೆಂಚಯ್ಯನ ಮೂವತ್ತನಾಲ್ಕರಿಂದ ಬೆಟ್ಟಮ್ಮನದನ್ನು, ಸೊನ್ನೆಗಿಂತ ಐದು ಕೆಳಗಿದ್ದದ್ದನ್ನು, ಕಳೆದ. ಮೂವತ್ತೊಂಬತ್ತು ಬಂತು. ಅಷ್ಟು ದೊಡ್ಡ ಅಂಕಿ ತಾನಾಗಿ ಬರುವುದಿಲ್ಲ. ಯಾರೂ ಕಣ್ಣಾರೆ ನೋಡಿರಲಿಲ್ಲ, ಯಾರೂ ಚಾಡಿ ಹೇಳಿರಲಿಲ್ಲ, ಬರೀ ಕಳೆಯುವ ಲೆಕ್ಕ ಹೋಗಿ ಲೈನಿನ ಕೊನೆಯ ಕೋಣೆಯ ಹೆಂಗಸನ್ನು ಹಿಡಿದುಕೊಟ್ಟಿತ್ತು. ಜವರಯ್ಯನಿಗೆ ಮೊದಲು ಬಂದದ್ದು ಸಿಟ್ಟಲ್ಲ, ಹಿಗ್ಗು. ಸಿಟ್ಟು ಬಂದದ್ದು ಗುದ್ದಲಿ ತೆಗೆದುಕೊಂಡು ಹೋಗಿ ಉಪವಾಸದ ತಾಕಿನ ಗಿಡದ ಬುಡ ಕೆದಕಿದ ಮೇಲೆ. ತರಗೆಲೆಯ ಅಡಿಯಲ್ಲಿ ಕೊಳೆತ ಸಗಣಿ ಇತ್ತು, ಒಲೆಯ ಬೂದಿ ಇತ್ತು.

ಕರೆಸಿ ಕೇಳಿದರೆ ಅವಳು ಮುಚ್ಚಿಡಲೂ ಇಲ್ಲ.

"ಎಸ್ಟೇಟಿಂದು ಒಂದು ಹಿಡಿ ಮುಟ್ಟಿಲ್ಲ ರೈಟ್ರೇ. ನನ್ನ ಹಸೂಂದು, ನನ್ನ ಒಲೇದು. ಬೆಳಗ್ಗೆ ಕೆಲ್ಸಕ್ಕೆ ಮುಂಚೆ ಒಂದೊಂದೇ ಮಂಕರಿ ಹೊತ್ತಾಕ್ದೆ. ನೋಡಿ ಬೇಕಾರೆ, ಹೆಂಗೆ ಕಾಯಿ ಕಚ್ಚಿತ್ತು!"

ಶಾಭಾಸ್ ಎನ್ನುತ್ತಾನೆಂದು ಅವಳು ಕಾದಳು. ಅವನು ಧಣಿಯ ಹತ್ತಿರ ಹೋದ.

ಧಣಿ ನಕ್ಕು, "ಹೋಗ್ಲಿ ಬಿಡು ಮಾರಾಯ, ನಾಕು ಮಂಕರಿ ಸಗಣಿ ತಾನೆ," ಎಂದ. ಜವರಯ್ಯ ಬಿಡಲಿಲ್ಲ. ಇನ್ನೂ ಎರಡು ಕೊಯ್ಲು ಅಳೆಯುವುದಿದೆ, ಇವತ್ತು ಇವಳು, ನಾಳೆ ಇನ್ನೊಬ್ಬಳು, ಇವರಿಗೆಲ್ಲ ಬುದ್ಧಿ ಬರುವ ಹಾಗೆ ಮಾಡಬೇಕು ಎಂದ. ಹೇಗೆ ಮಾಡುವುದೆಂದೂ ಅವನೇ ಹೇಳಿಕೊಟ್ಟ. ಧಣಿ ಒಂದು ಕ್ಷಣ ಅವನ ಮುಖ ನೋಡಿ, ನಿನ್ನ ಇಷ್ಟ ಎಂದು ಒಳಗೆ ಹೋದ.

ಶನಿವಾರ ಮಧ್ಯಾಹ್ನ ಸ್ಟೋರಿನ ಮುಂದೆ ರೇಷನ್ ಕೊಡುವುದು ವಾಡಿಕೆ. ಲೈನಿನ ಜನ ಪುಟ್ಟಿ ಮುಂದಿಟ್ಟುಕೊಂಡು ಸಾಲಾಗಿ ಕೂರುತ್ತಿದ್ದರು. ಕೆಂಚಯ್ಯ ಒಂದು ತುದಿಯಿಂದ ರಾಗಿ, ಅಕ್ಕಿ ಅಳೆದು ಸುರಿಯುತ್ತ ಬರುತ್ತಿದ್ದ. ಆ ಶನಿವಾರ ಜವರಯ್ಯ ಎದುರು ನಿಂತು ಹೇಳಿದ: ಬೆಟ್ಟಮ್ಮನೂ ಸಾಲಿನಲ್ಲಿ ಕೂರಬೇಕು, ಆದರೆ ಅವಳ ಪುಟ್ಟಿಗೆ ಬೀಳುವುದಿಲ್ಲ. ತಮ್ಮದರಲ್ಲಿ ಅವಳಿಗೆ ಯಾರು ಕೊಟ್ಟರೂ ಮುಂದಿನ ವಾರ ಅವರಿಗೂ ಇಲ್ಲ.

ಕೆಂಚಯ್ಯ ಅವಳ ಮುಂದೆ ಬಂದಾಗ ಸೇರು ಹಿಡಿದ ಕೈ ನಿಂತಿತು. ರೈಟರ ಕಡೆ ನೋಡಿದ.

"ಮುಂದಕ್ಕೋಗು."

ಕೆಂಚಯ್ಯ ಮುಂದಕ್ಕೆ ಹೋದ. ಪಕ್ಕದ ಪುಟ್ಟಿಗೆ ರಾಗಿ ಬಿದ್ದ ಸದ್ದಾಯಿತು. ಬೆಟ್ಟಮ್ಮ ತನ್ನ ಪುಟ್ಟಿಯ ತಳವನ್ನೇ ನೋಡುತ್ತ ಕೂತಿದ್ದಳು.

"ಈಗ ಗೊತ್ತಾಯ್ತಾ," ಎಂದ ಜವರಯ್ಯ, "ಪಂಕ್ತೀಲಿ ಭೇದ ಅಂದ್ರೆ ಏನು ಅಂತ?"

ಇಂಥ ಮಾತನ್ನು ಯಾವ ಕಾಲೇಜಿನಲ್ಲೂ ಕಲಿಸುವುದಿಲ್ಲ. ಅದು ಅವನ ಸ್ವಂತದ್ದು.

ಯಾರಾದರೂ ಕದ್ದು ಕೊಡುತ್ತಾರೆ ಎಂದು ಅವನು ವಾರವಿಡೀ ಕಣ್ಣಿಟ್ಟಿದ್ದ. ಯಾರೂ ಕೊಡಲಿಲ್ಲ. ಅವರಿಗೂ ಮಕ್ಕಳಿದ್ದವು, ಹೊಟ್ಟೆಯಿತ್ತು. ಅವಳು ಎರಡನೆಯ ಶನಿವಾರವೂ ಬಂದು ತನ್ನ ಜಾಗದಲ್ಲಿ ಕೂತಳು, ಮೂರನೆಯ ಶನಿವಾರವೂ ಕೂತಳು. ಮೂರನೆಯ ಸಲ ಏಳುವಾಗ ನೆಲಕ್ಕೆ ಕೈ ಊರಬೇಕಾಯಿತು, ಯಾರೂ ಹಿಡಿದೆತ್ತಲಿಲ್ಲ. ನಾಲ್ಕನೆಯ ಶನಿವಾರ ಅವಳ ಜಾಗ ಖಾಲಿ ಇತ್ತು. ಹಸು ಹೊಡೆದುಕೊಂಡು ಪಾಳ್ಯದ ತಮ್ಮನ ಮನೆಗೆ ನಡೆದುಹೋದಳು ಎಂದರು. ಸಾಲಿನವರು ಒಬ್ಬೊಬ್ಬರೇ ಒಂದು ಮೊಳ ಸರಿದು ಕೂತು ಆ ಜಾಗ ತುಂಬಿದರು.

ಜವರಯ್ಯ ವರದಿ ಬರೆದ. ಕೂಲಿಯ ತಪ್ಪಿನಿಂದ ಕೆಟ್ಟ ಮೇಲಿನ ಎರಡು ಸಾಲನ್ನು ಕೈಬಿಟ್ಟಿದೆ ಎಂದು ಒಂದು ಗೆರೆ ಸೇರಿಸಿದ.

ಫೆಬ್ರವರಿಯಲ್ಲಿ ಗಯಾಜ್ ಸಾಹೇಬರು ಬಂದರು. ಮೂವತ್ತನಾಲ್ಕನ್ನು ನೋಡಿ ತಲೆಯಾಡಿಸಿದರು, ಆದರೆ ಅವರ ಬೆರಳು ಹೋಗಿ ನಿಂತದ್ದು ಆ ಗೆರೆಯ ಮೇಲೆ.

"ಕೈಬಿಟ್ಟ ಸಾಲುಗಳ ಅಂಕಿ ಎಲ್ಲಿ?"

ಜವರಯ್ಯ ಹಾಳೆ ಕೊಟ್ಟು ನಡೆದದ್ದನ್ನು ಅರ್ಧ ಹೇಳಿದ. ಸಗಣಿಯ ಅರ್ಧ ಹೇಳಿದ, ರೇಷನ್ನಿನ ಅರ್ಧ ನುಂಗಿದ. ಸಾಹೇಬರು ಹಾಳೆಯನ್ನು ಬಹಳ ಹೊತ್ತು ನೋಡಿದರು, ಇಳಿಜಾರಿಗೆ ಹೋಗಿ ತಾವೇ ಮಣ್ಣು ಕೆದಕಿ ಮೂಸಿದರು. ವಾಪಸು ಬರುವಷ್ಟರಲ್ಲಿ ಅವರ ಮುಖ ಅರಳಿತ್ತು.

"ಇದು ಕೆಟ್ಟಿಲ್ಲ ಜವರಯ್ಯ! ನಿಮ್ಮ ಮೂಟೆ ಗೊಬ್ಬರಕ್ಕೆ ತೊಂಬತ್ತೊಂದು, ಆಕೆಯ ಸಗಣಿ ಬೂದಿಗೆ ತೊಂಬತ್ತೈದು. ನೀವು ಎರಡು ಗೊಬ್ಬರಗಳನ್ನು ಪಕ್ಕಪಕ್ಕ ಇಟ್ಟು ತೂಗಿದ್ದೀರಿ, ನಿಮಗೇ ಗೊತ್ತಿಲ್ಲ. ಗಿಡಕ್ಕೆ ಎಷ್ಟು ಹಾಕಿದಳು? ಬೂದಿ ಎಷ್ಟು? ಯಾವ ಯಾವ ತಿಂಗಳು?"

ಜವರಯ್ಯ ವರದಿಯ ಹಾಳೆ ತಿರುವಿದ.

"ಕೇಳಲೇ ಇಲ್ಲವೇ? ಹೋಗಿ ಕೇಳಿಕೊಂಡು ಬನ್ನಿ. ಕೆಳಗಿನ ಸಾಲಿನಂಥದ್ದನ್ನು ನಾಲ್ಕು ಜನ ತೋರಿಸಿದ್ದಾರೆ. ಇದು ಬೇಕು ನನಗೆ. ಈ ಅಂಕಿ ತಂದರೆ ಜಾಗ ನಿಮ್ಮದು."

ಮಾರನೆಯ ದಿನವೇ ಅವನು ಆಲೂರಿನ ಬಸ್ಸು ಹತ್ತಿ ಪಾಳ್ಯಕ್ಕೆ ಹೋದ. ಮನೆಯ ಮುಂದೆ ಬೆಟ್ಟಮ್ಮನ ತಮ್ಮನ ಹೆಂಡತಿ ಚಿನ್ನಮ್ಮ ರಾಗಿ ಕೇರುತ್ತಿದ್ದಳು. ಕೇಳುವುದಕ್ಕೆ ಮುಂಚೆಯೇ ಶುರುಮಾಡಿದಳು.

"ಕರ್ಕೊಂಡು ಹೋಗಾಕ್ ಬಂದ್ರಾ? ಪುಣ್ಯ ಬರ್ತದೆ ನಿಮ್ಗೆ. ಹಸ ಮಾರಿದ್ದು ಒಂದು ತಿಂಗಳಿಗೆ ತೀರೋಯ್ತು. ನಮ್ಗೇ ಸಾಲದು, ಇನ್ನೊಂದು ಬಾಯಿ ಎಲ್ಲಿಂದ ತುಂಬ್ಸಾನ?"

ಬೆಟ್ಟಮ್ಮ ಕೊಟ್ಟಿಗೆಯಲ್ಲಿದ್ದಳು, ಹಸು ಕಟ್ಟುತ್ತಿದ್ದ ಜಾಗದಲ್ಲೇ ಗೋಣಿ ಹಾಸಿಕೊಂಡಿದ್ದಳು. ಮೈಯಲ್ಲಿ ಮೂಳೆ ಬಿಟ್ಟು ಏನೂ ಉಳಿದಿರಲಿಲ್ಲ. ರೈಟರನ್ನು ಕಂಡು ಗೋಡೆ ಹಿಡಿದು ಎದ್ದು ನಿಂತಳು.

"ನಂಗೊತ್ತಿತ್ತು ಕಣ್ರೀ, ಕರ್ಯಾಕ್ ಬಂದೇ ಬರ್ತೀರ ಅಂತ."

ಅವನು ಪುಸ್ತಕ ತೆಗೆದ. ಅವಳು ಎಲ್ಲವನ್ನೂ ಹೇಳಿದಳು. ಹೂಮಳೆ ಕಳೆದ ಮೇಲೆ ಗಿಡಕ್ಕೊಂದು ಮಂಕರಿ ಕೊಳೆತ ಸಗಣಿ, ಮೂರು ಬೊಗಸೆ ಬೂದಿ. ಗೌರಿ ಹಬ್ಬದ ಹಿಂದಿನ ವಾರ ಮತ್ತೆ ಅಷ್ಟೇ. ನೂರಿಪ್ಪತ್ತು ಗಿಡ, ಒಂದಕ್ಕೂ ಒಂದು ಬೊಗಸೆ ಹೆಚ್ಚಿಲ್ಲ, ಒಂದಕ್ಕೂ ಕಡಿಮೆಯಿಲ್ಲ. ಮಂಕರಿ ಎಷ್ಟು ದೊಡ್ಡದು ಎಂದು ಅವಳು ಕೈಯಗಲಿಸಿ ತೋರಿಸಿದಳು, ಅವನು ಟೇಪು ಹಿಡಿದು ಆ ಕೈಗಳ ನಡುವಿನ ಜಾಗವನ್ನು ಅಳೆದ. ಲೆಕ್ಕ ತಪ್ಪಬಾರದೆಂದು ಎರಡು ಸಲ ಅಳೆದ. ಬೊಗಸೆಯ ಅಂದಾಜಿಗೆ ಅಂಗಳದ ಮಣ್ಣು ತುಂಬಿಸಿ ನೋಡಿದ.

ಅಷ್ಟರಲ್ಲಿ ಚಿನ್ನಮ್ಮ ಬಿಸಿ ಮುದ್ದೆ, ಸೊಪ್ಪಿನ ಸಾರು ತಂದಿಟ್ಟಳು. ಹೇಗೂ ಹೋಗುವವಳಲ್ಲವೇ, ಇವತ್ತೊಂದು ದಿನ ಹೊಟ್ಟೆತುಂಬ ಉಣ್ಣಲಿ ಎಂದು ಎರಡು ಮುದ್ದೆ ಇಟ್ಟಿದ್ದಳು. ಬೆಟ್ಟಮ್ಮ ಉಂಡಳು, ಉಂಡು ಕೈತೊಳೆದು ಕಂಬಳಿಯನ್ನೂ ತಣಿಗೆಯನ್ನೂ ಸೇರಿಸಿ ಗಂಟು ಕಟ್ಟಿದಳು.

"ನಡೀರಿ. ಲೈನಿನ ಬೀಗದ ಕೈ ಕೆಂಚಯ್ಯನ ಹತ್ರ ಐತಾ?"

ಜವರಯ್ಯ ಬರೆದದ್ದನ್ನು ಮೊದಲಿನಿಂದ ಕೊನೆಯವರೆಗೆ ಇನ್ನೊಮ್ಮೆ ಓದಿದ. ಏನೂ ಬಿಟ್ಟುಹೋಗಿರಲಿಲ್ಲ. ಪುಸ್ತಕ ಮುಚ್ಚಿ ಜೇಬಿಗಿಟ್ಟ.

"ಇವತ್ತು ಬೇಡ. ಕೋಣೆ ಗುಡಿಸಿ ಸಾರಿಸಬೇಕು. ಶನಿವಾರ ಜೀಪ್ ಕಳಿಸ್ತೀನಿ."

"ಶನಿವಾರ," ಎಂದಳು ಬೆಟ್ಟಮ್ಮ. ಗಂಟು ಬಿಚ್ಚಲಿಲ್ಲ.

ಅಂಕಿ ಗಯಾಜ್ ಸಾಹೇಬರ ಕೈ ಸೇರಿತು, ಕೆಲಸದ ಕಾಗದ ಜವರಯ್ಯನ ಕೈ ಸೇರಿತು. ಜೀಪಿನ ಮಾತನ್ನು ಅವನು ಧಣಿಗೆ ಹೇಳಲೇ ಇಲ್ಲ. ಹೇಳಿದರೆ ಯಾಕೆ ಏನು ಎಂದು ರೇಷನ್ನಿನ ಕಥೆ ಸಾಹೇಬರ ಕಿವಿಗೂ ಬಿದ್ದೀತು ಎಂಬ ಅಂಜಿಕೆ.

ಶನಿವಾರ ಬೆಟ್ಟಮ್ಮ ಹೊತ್ತು ಹುಟ್ಟುವಾಗಲೇ ಗಂಟು ಹೊತ್ತು ಹೋಗಿ ರಸ್ತೆಯ ಪಕ್ಕ ಕೂತಳು. ಕತ್ತಲಾಗುತ್ತ ಬಂದಾಗ ಎದ್ದು ಮನೆಗೆ ಬಂದಳು. ಒಳಗೆ ಎಲ್ಲರೂ ಉಣ್ಣಲು ಸಾಲಾಗಿ ಕೂತಿದ್ದರು. ಅವಳು ಕೊನೆಯಲ್ಲಿ ತಣಿಗೆ ಇಟ್ಟುಕೊಂಡು ಕೂತಳು. ಚಿನ್ನಮ್ಮ ಬಡಿಸುತ್ತ ಬಂದವಳು ಅವಳ ಮುಂದೆ ನಿಂತಳು. ಬೆಟ್ಟಮ್ಮ ಹೋದಳಲ್ಲ ಎಂದು ಅವತ್ತು ಚಿನ್ನಮ್ಮ ಒಂದು ಮುದ್ದೆ ಕಡಿಮೆ ತೊಳಸಿದ್ದಳು.