ಕೊಳವೆಯ ಬಾಯಲ್ಲಿ ಹಳದಿ ಪುಡಿ

ಎಲ್ಡನ್‌ನ ಹೃದಯದ ಆಪರೇಷನ್ನಿನಿಂದಾಗಿ, ಗಾಡಿಯ ಹಿಂದೆ ಕಟ್ಟಿ ಎಳೆಯುವ ಪುಟ್ಟ ಮನೆಯಂಥ ಅವರ ಟ್ರೇಲರ್ ಎರಡು ಚಳಿಗಾಲ ಅಂಗಳ ಬಿಟ್ಟು ಕದಲಿರಲಿಲ್ಲ. ಈ ಮೇ ತಿಂಗಳಲ್ಲಾದರೂ ಉತ್ತರದ ಸರೋವರಕ್ಕೆ ಹೋಗಲೇಬೇಕೆಂದು ಅವನ ಹೆಂಡತಿ ವರ್ನಾ ಹಟ ಹಿಡಿದಿದ್ದಳು. ಅಲ್ಲಿ ಕರೆಂಟಿಲ್ಲ. ಅವಳ ಇನ್ಸುಲಿನ್ ಕೆಡದಂತೆ ಇಡಲು ಟ್ರೇಲರ್‌ನ ಗ್ಯಾಸ್ ಫ್ರಿಜ್ ಒಂದೇ ಗತಿ.

ಹೊರಡುವ ಮುಂಚೆ ಪರೀಕ್ಷೆಗೆಂದು ಹಚ್ಚಿದಾಗ ಫ್ರಿಜ್ಜಿನ ಬರ್ನರ್ ಮೊದಲ ಸಲಕ್ಕೇ ಹೊತ್ತಿಕೊಂಡಿತು. ಒಂದು ಪುಟ್ಟ ನೀಲಿ ಜ್ವಾಲೆ, ಅದರಿಂದ ಹುಟ್ಟುವ ತಂಪು! ಮೂವತ್ತು ವರ್ಷ ನೋಡಿದ್ದರೂ ವರ್ನಾಳಿಗೆ ಅದು ಪವಾಡವೇ. ಆದರೆ ಮರುದಿನ ಬೆಳಿಗ್ಗೆ ಒಳಗೆಲ್ಲ ನೀರು ನಿಂತು, ಬಾಗಿಲ ಸಂದಿಯಿಂದ ನೆಲಕ್ಕೂ ಇಳಿದಿತ್ತು.

ಎಲ್ಡನ್ ಟ್ರೇಲರ್‌ನ ಹೊರಗಿನಿಂದ ಫ್ರಿಜ್ಜಿನ ಹಿಂಬದಿಯ ತಗಡಿನ ಮುಚ್ಚಳ ತೆಗೆದವನೇ ಅಲ್ಲೇ ನಿಂತುಬಿಟ್ಟ.

"ಮುಗೀತು ಕಥೆ. ಹಳದಿ ಪುಡಿ."

ಟ್ರೇಲರ್ ಇಟ್ಟುಕೊಂಡವರಿಗೆಲ್ಲ ಇದು ಗೊತ್ತು. ಹಿಂದೆ ಹಳದಿ ಪುಡಿ ಕಂಡರೆ ಪೈಪು ಒಡೆದು ತಂಪು ಹುಟ್ಟಿಸುವ ಅಮೋನಿಯಾ ಸೋರಿದೆ, ಫ್ರಿಜ್ ಸತ್ತಿದೆ ಎಂದೇ ಲೆಕ್ಕ. ಹೊಸದು ಕೂರಿಸುವ ಪೇಟೆಯ ಅಂಗಡಿಯವರಿಗೋ ಆಗಸ್ಟ್ ತನಕ ಪುರುಸೊತ್ತಿಲ್ಲ. ವರ್ನಾಳಿಗೆ ಅಳುವೇ ಬಂತು. ಆದರೆ ಗಂಡನ ಮಾತನ್ನು ಒಂದೇ ಏಟಿಗೆ ಒಪ್ಪುವ ಹೆಂಗಸಲ್ಲ ಅವಳು.

"ವಾಸನೆ ಎಲ್ಲಿ? ಅಮೋನಿಯಾ ಆದ್ರೆ ಮೂಗು ಕಿತ್ಕೊಂಡು ಹೋಗ್ಬೇಕಿತ್ತು."

"ನಿನ್ನ ಮೂಗಿಗೆ ವಯಸ್ಸಾಯ್ತು ಮಾರಾಯ್ತಿ."

"ನಿನ್ನ ಕಣ್ಣಿಗಿಂತ ವಾಸಿ. ಸರಿ ಆಚೆಗೆ!"

ಅವಳು ಮಂಡಿಯೂರಿ ಕೂತಳು. ಪುಡಿ ಪೈಪಿನ ಮೇಲಿರಲಿಲ್ಲ. ಒಳಗೆ ಕರಗಿದ ನೀರು ಹೊರಗೆ ತೊಟ್ಟಿಕ್ಕುವ ಸಣ್ಣ ರಬ್ಬರ್ ಕೊಳವೆಯ ಕೆಳಗಿತ್ತು. ಕೊಳವೆಯ ಬಾಯಿಗೆ ಯಾರೋ ಮಣ್ಣು ಮೆತ್ತಿದ್ದರು. ಪುಡಿಯನ್ನು ಬೆರಳಲ್ಲಿ ತಿಕ್ಕಿದಳು. ಅಂಟಂಟು, ಹೂವಿನ ಪರಿಮಳ.

ಕೊಳವೆಯನ್ನು ಎಳೆದು ತೆಗೆದದ್ದೇ ತಡ, ಒಳಗೆ ಕಟ್ಟಿದ್ದ ನೀರು ಭಳಭಳನೆ ಹೊರಗೆ ಸುರಿಯಿತು. ಸೋರಿಕೆಯ ಗುಟ್ಟು ಅಷ್ಟೇ. ಫ್ರಿಜ್ಜಿಗೆ ಏನೂ ಆಗಿರಲಿಲ್ಲ.

ಚಾಕುವಿನಿಂದ ಕೊಳವೆಯನ್ನು ಉದ್ದಕ್ಕೆ ಮೆಲ್ಲನೆ ಸೀಳಿದಳು. ಒಳಗೆ ಮಣ್ಣಿನ ಗೋಡೆಗಳು, ಸಾಲಾಗಿ ಒಂಬತ್ತು ಕೋಣೆ. ಬಾಯಿಯ ಬಳಿಯ ಎರಡರಲ್ಲಿ ಮೊಟ್ಟೆ ಕೆಟ್ಟು ಹೂವಿನ ಪರಾಗವಷ್ಟೇ ಉಳಿದಿತ್ತು; ಮಣ್ಣಿನ ಬಿರುಕಿನಿಂದ ಉದುರಿದ ಹಳದಿ ಪುಡಿ ಅದೇ. ಮಿಕ್ಕ ಏಳರಲ್ಲಿ ಹುರುಳಿಕಾಳಿಗಿಂತ ತುಸು ದಪ್ಪನೆಯ, ರೇಷ್ಮೆಗೂಡಿನಂಥ ಕಂದು ಗೂಡುಗಳು. ಹೋದ ವರ್ಷ, ಗುಂಪಿಲ್ಲದೆ ಒಂಟಿಯಾಗಿ ಬದುಕುವ ಯಾವುದೋ ಕಾಡುಜೇನು ಒಬ್ಬಳೇ ಓಡಾಡಿ ತನ್ನ ಮರಿಗಳಿಗೆ ಕಟ್ಟಿದ ಮನೆ. ಸೊನ್ನೆಗಿಂತ ನಲವತ್ತು ಡಿಗ್ರಿ ಕೆಳಗಿನ ಚಳಿಯನ್ನು ಇವು ಈ ತಗಡಿನ ಹಿಂದೆ ಬೆಂಕಿಯಿಲ್ಲದೆ ಕಳೆದಿದ್ದವು.

"ಸತ್ತಿರ್ತಾವೆ ಬಿಡು," ಎಂದ ಎಲ್ಡನ್.

"ಶ್! ಬಾಯಿ ಮುಚ್ಚು."

ಕಿವಿಗೊಟ್ಟರೆ ಒಳಗಿನಿಂದ ಕರಕರ ಸದ್ದು. ತುದಿಯ ಗೂಡು ಬಿರಿಯಿತು. ನೀಲಿ ಮಿಂಚಿನ ಒಂದು ಜೇನು ಹೊರಬಂದು, ಮೀಸೆ ಒರೆಸಿಕೊಂಡು, ವರ್ನಾಳ ಅಂಗೈ ಮೇಲೆ ಬಿಸಿಲು ಕಾಯಿಸಿತು. ಆಮೇಲೆ ಹಾರಿತು.

ಎಲ್ಡನ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದ.

"ಬೇರೆ ಕೊಳವೆ ಈಗ್ಲೇ ಹಾಕ್ತೀನಿ. ನಾಳೆ ಬೆಳಿಗ್ಗೆನೇ ಹೊರಡ್ಬಹುದು, ವರ್ನಾ."

ಎರಡು ವರ್ಷ ಕಾದವಳು ಕೊಳವೆಯಿಂದ ಕಣ್ಣು ಕೀಳಲಿಲ್ಲ.

"ಇನ್ನೂ ಆರು ಜನ ಒಳಗಿದಾರೆ ಕಣೋ," ಎಂದಳು. "ಎಲ್ರೂ ಎದ್ದ ಮೇಲೆ ಹೋಗೋಣ. ಎರಡು ಕುರ್ಚಿ ತಗೊಂಡ್ ಬಾ."