ಒಂದೇ ಕಡೆಗೆ ಹೊಸೆದ ಹಗ್ಗ

ಊಟದ ತಟ್ಟೆ ತೊಳೆದಿಟ್ಟು ಅಕ್ಕ ಹಿತ್ತಿಲ ಚಪ್ಪರದಡಿಗೆ ಬಂದಳು. ನಿನ್ನೆ ಹಗ್ಗ ಹೊಸೆದು ಮುಗಿಸಿ, ತುದಿ ಕತ್ತರಿಸಿ ಬಿಸಾಕಿದ್ದ ಮೊಳದುದ್ದದ ತುಂಡು ತಾನಾಗಿಯೇ ಬಿಚ್ಚಿಕೊಂಡು ಮೂರು ಎಳೆಯಾಗಿ ಬಿದ್ದಿತ್ತು. ಎತ್ತಿ ನೋಡಿದಳು: ಎಳೆಯ ತಿರುಚೂ ಬಲಕ್ಕೆ, ಹಗ್ಗದ ತಿರುಚೂ ಬಲಕ್ಕೆ.

ಹೊಸೆಯುವುದೆಂದರೆ ಸುಮ್ಮನೆ ಸುತ್ತುವುದಲ್ಲ ಸ್ವಾಮಿ! ನಾರನ್ನು ಬಲಕ್ಕೆ ತಿರುಚಿ ಎಳೆ ಮಾಡಬೇಕು, ಆ ಎಳೆಗಳನ್ನು ಎಡಕ್ಕೆ ಹೊಸೆಯಬೇಕು. ಆಗ ಒಂದು ಬಿಚ್ಚಿಕೊಳ್ಳಲು ಹೊರಟರೆ ಇನ್ನೊಂದು ಬಿಡುವುದಿಲ್ಲ. ಎರಡನ್ನೂ ಒಂದೇ ಕಡೆಗೆ ತಿರುಚಿದರೆ ನೋಡುವುದಕ್ಕೇನೋ ಹಗ್ಗವೇ, ಭಾರ ಬಿದ್ದರೆ ಬಣ್ಣ ಬಯಲು. ಇಪ್ಪತ್ತು ವರ್ಷದಲ್ಲಿ ಅವಳು ಈ ತಪ್ಪು ಮಾಡಿದವಳಲ್ಲ. ನಿನ್ನೆ ಮಾತ್ರ ತಮ್ಮನ ಜೊತೆ ಜಗಳವಾಡಿ, ಹಲ್ಲು ಕಚ್ಚಿಕೊಂಡು ಹೊಸೆದಿದ್ದಳು. ಸಿಟ್ಟಿಗೆ ಎಡ ಯಾವುದು, ಬಲ ಯಾವುದು!

ತಮ್ಮನ ಕೆಲಸ ಬಾವಿಯ ಹೂಳೆತ್ತುವುದು. ಬೆಳಿಗ್ಗೆ ಮುಖ ಊದಿಸಿಕೊಂಡು ಅದೇ ಹಗ್ಗವನ್ನು ಹೆಗಲಿಗೆ ಹಾಕಿಕೊಂಡು ಇಟ್ಟಿಗೆ ಭಟ್ಟಿಯ ಬಾವಿಗೆ ಹೋಗಿದ್ದ.

ಅವಳು ಬಿದ್ದೆನೋ ಎದ್ದೆನೋ ಎಂದು ಓಡಿದಳು. ಚಪ್ಪಲಿಯ ನೆನಪೂ ಆಗಲಿಲ್ಲ. ಬಾವಿಕಟ್ಟೆಯಲ್ಲಿ ಅವನ ಜೊತೆಗಾರರಿಬ್ಬರು ಆಗಲೇ ಅವನನ್ನು ಮೇಲಕ್ಕೆಳೆಯುತ್ತಿದ್ದರು.

“ನಿಲ್ಸಿ! ಎಳೀಬೇಡಿ!”

ಬಗ್ಗಿ ನೋಡಿದಳು. ಅರ್ಧ ಬಾವಿಯಲ್ಲಿ ತಮ್ಮ ನೇತಾಡುತ್ತ ಮೆಲ್ಲಗೆ ಎಡಕ್ಕೆ ತಿರುಗುತ್ತಿದ್ದ. ಒಂದೊಂದು ಸುತ್ತಿಗೂ ಅವನ ತಲೆಯ ಮೇಲೆ ಎಳೆಗಳು ಬಾಯಿ ಬಿಡುತ್ತಿದ್ದವು. ಹಗ್ಗ ಬಿಚ್ಚುತ್ತಿದೆ ಎಂದು ಕೂಗಿದರೆ ಬೆಚ್ಚಿಬೀಳುತ್ತಾನೆ, ಒದ್ದಾಡುತ್ತಾನೆ, ಮುಗಿಯಿತು ಕತೆ. ಕಟ್ಟೆಯ ಮೇಲೆ ಬೋರಲು ಮಲಗಿ ದನಿ ತಗ್ಗಿಸಿದಳು.

“ತಮ್ಮಾ, ಗೋಡೆಗೆ ಕಾಲು ಕೊಟ್ಟು ಬಲಕ್ಕೆ ತಿರುಗು.”

“ನನ್ ಜೊತೆ ಮಾತಾಡಲ್ಲ ಅಂದಿದ್ದೆ?”

“ಬಾಯ್ಮುಚ್ಕೊಂಡು ತಿರುಗೋ, ನಿನ್ನ ದಮ್ಮಯ್ಯ!”

ಆ ದನಿ ಕೇಳಿದ್ದೇ ಅವನು ಕಾಲು ಚಾಚಿದ. ಗೋಡೆಯನ್ನು ಒದ್ದು ಒದ್ದು ಬಲಕ್ಕೆ ಸುತ್ತಿದ. ಎಳೆಗಳು ಒಂದರ ಮೇಲೊಂದು ಕೂತು ಹಗ್ಗ ಮತ್ತೆ ಮುಚ್ಚಿಕೊಂಡಿತು.

“ಈಗ ಎಳೀರಿ. ಮೆಲ್ಲಗೆ, ಮೆಲ್ಲಗೆ... ತಿರುಗ್ತಾನೇ ಇರೋ!”

ಫಟ್ ಎಂದು ಒಂದು ಎಳೆ ಹರಿಯಿತು. ದೇವರೇ! ಇನ್ನೆರಡು ಮೊಳ. ಇನ್ನೊಂದೇ ಮೊಳ. ಕೆಸರು ಮೆತ್ತಿದ ಕೈ ಕಂಡದ್ದೇ ತಡ, ಎರಡೂ ಕೈಯಲ್ಲಿ ಅವನ ರಟ್ಟೆ ಹಿಡಿದು ದರದರನೆ ಆಚೆಗೆಳೆದಳು.

ಇಬ್ಬರೂ ನೆಲದ ಮೇಲೆ ಕೂತರು. ಅವಳು ಅವನ ಬೆನ್ನಿಗೊಂದು ಗುದ್ದಿದಳು.

“ಯಾರ ಹಗ್ಗ ಆದ್ರೂ ಮೂರು ಸಲ ಜಗ್ಗಿ ನೋಡೋನು ನೀನು. ಇದನ್ಯಾಕೋ ನೋಡ್ಲಿಲ್ಲ, ಪಾಪಿ?”

ಅವನು ಮುಖದ ಕೆಸರು ಒರೆಸಿಕೊಂಡ.

“ನೀನು ಹೊಸೆದಿದ್ದಲ್ವಾ” ಎಂದ.